ಇಬ್ಬರೂ ಸಹಿ ಮಾಡತಕ್ಕದ್ದು

ನಮ್ಮ ಭಾವನಿಗೆ ಭಯ ಅಂದರೆ ಏನೆಂದೇ ಗೊತ್ತಿಲ್ಲ ಅಂತ ಮೂವತ್ತು ವರ್ಷ ನಂಬಿಕೊಂಡಿದ್ದವಳು ನಾನು. ಅವರದು ಲಿಫ್ಟ್ ರಿಪೇರಿ ಕೆಲಸ. ಹದಿನಾಲ್ಕು ಮಹಡಿಯ ಕಟ್ಟಡದ ಕತ್ತಲೆ ಗುಂಡಿಯಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ನಿಂತು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ನಟ್ಟು ಬಿಗಿಯುವ ಮನುಷ್ಯ. ಒಂದು ಸಲ ನಾನು ಬಾಗಿಲ ಸಂದಿಯಿಂದ ಕೆಳಗೆ ಇಣುಕಿ ನೋಡಿ, ತಲೆ ಸುತ್ತಿ ಗೋಡೆ ಹಿಡಿದುಕೊಂಡಿದ್ದೆ. ಅವರು ಕೆಳಗಿನಿಂದ ನಗುತ್ತಾ, "ಬೀಳೋ ಹಾಗಿದ್ರೆ ಇಷ್ಟೊತ್ತಿಗೆ ಬಿದ್ದಿರ್ತಿದ್ದೆ ಬಿಡಮ್ಮ" ಅಂದಿದ್ದರು.

ಅಂಥವರು ಹೋದ ವರ್ಷ ಒಂದು ಮಧ್ಯಾಹ್ನ ನನ್ನ ಆಫೀಸಿಗೆ ಬಂದು ಬೆಂಚಿನ ತುದಿಯಲ್ಲಿ ಕೂತರು. ಆಫೀಸು ಅಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಒಂದೇ ಕೋಣೆ. ನಾನು ಬೇರೆಯವರ ತೆರಿಗೆ ಫಾರಂ ತುಂಬಿ ಹೊಟ್ಟೆ ಹೊರೆಯುವವಳು. ಜನ ರಸೀದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿಕೊಂಡು ತರುತ್ತಿದ್ದರು, ನಾನು ಬೈಯುತ್ತಿದ್ದೆ, ಅವರು ಬೈಸಿಕೊಂಡು ಮುಂದಿನ ವರ್ಷವೂ ಹಾಗೇ ತರುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ ಅಂತ ನನಗೆ ಹೆಸರಿದೆ. ಭಾವ ನನ್ನನ್ನು ತೆರಿಗೆಮ್ಮ ಅಂತಲೇ ಕರೆಯುವುದು. ಆವತ್ತು ಹಾಗೆ ಕರೆಯಲಿಲ್ಲ. ನಮಸ್ಕಾರವನ್ನೂ ಹೇಳದೆ ಕೂತಿದ್ದರು. ಮಂಡಿಯ ಮೇಲೆ ಒಂದು ಬಟ್ಟೆ ಚೀಲವಿತ್ತು. ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಿದ್ದರು.

ಭಾವ ಎಂಥವರು ಅಂತ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಕೆಲಸದ ಜಾಗದಲ್ಲಿ ಅವರ ಅಡ್ಡಹೆಸರು ಡಬಲ್ ಲಾಕ್. ಲಿಫ್ಟಿನ ಗುಂಡಿಗೆ ಇಳಿಯುವ ಮುಂಚೆ ಕರೆಂಟಿನ ದೊಡ್ಡ ಸ್ವಿಚ್ಚನ್ನು ಆಫ್ ಮಾಡಿ ಅದಕ್ಕೆ ಬೀಗ ಹಾಕುತ್ತಾರೆ. ಎಷ್ಟು ಜನ ಇಳಿಯುತ್ತಾರೋ ಅಷ್ಟು ಬೀಗ. ಯಾರ ಬೀಗವೋ ಅವರ ಜೇಬಿನಲ್ಲೇ ಅದರ ಕೀಲಿ. ಹಾಕಿದವನು ಮೇಲೆ ಬಂದು ತನ್ನ ಕೈಯಾರೆ ತೆಗೆಯುವ ತನಕ ಸಾಕ್ಷಾತ್ ಮಾಲೀಕ ಬಂದರೂ ಆ ಸ್ವಿಚ್ಚು ಮೇಲೇಳಬಾರದು. ಎಷ್ಟೋ ಜನ ಸೋಮಾರಿತನಕ್ಕೆ ಇಬ್ಬರ ನಡುವೆ ಒಂದೇ ಬೀಗ ಹಾಕಿ ಇಳಿದುಬಿಡುತ್ತಾರಂತೆ. ಭಾವ ಆ ವಿಷಯದಲ್ಲಿ ಮಾತ್ರ ಜಗಳಗಂಟ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಕಣ್ಣೆದುರಿಗೆ ಏನನ್ನೋ ನೋಡಿದ್ದರು. ಏನು ಅಂತ ಅಕ್ಕನಿಗೂ ಪೂರ್ತಿ ಹೇಳಿಲ್ಲ.

ಈ ಬೀಗದ ನಿಯಮವನ್ನು ಅವರು ದುಡ್ಡಿಗೂ ತಂದರು. ನಾನು ಎಷ್ಟು ತಲೆ ಚಚ್ಚಿಕೊಂಡರೂ ಶೇರು, ಮ್ಯೂಚುವಲ್ ಫಂಡ್ ಹತ್ತಿರ ಸುಳಿಯಲಿಲ್ಲ. "ಹಗ್ಗ ಕಣ್ಣಿಗೆ ಕಾಣದ ಲಿಫ್ಟು ನಾನು ಹತ್ತಲ್ಲಮ್ಮ" ಅನ್ನುತ್ತಿದ್ದರು. ಬೆಲೆ ಏರಿ ಏರಿ ನಿಮ್ಮ ಬಡ್ಡಿಯನ್ನೆಲ್ಲಾ ತಿಂದುಹಾಕುತ್ತೆ ಅಂತ ಹೆದರಿಸಿದರೆ, ತಿನ್ನಲಿ, ಅಸಲಾದರೂ ಉಳಿಯುತ್ತಲ್ಲ ಅನ್ನುತ್ತಿದ್ದರು. ಕೊನೆಗೆ ಒಂಬತ್ತು ವರ್ಷದ ಹಿಂದೆ, ಅದುವರೆಗಿನ ಉಳಿತಾಯವನ್ನೆಲ್ಲಾ ಒಂದೇ ಕಡೆ ಗುಡಿಸಿ, ನಿವೃತ್ತಿಯ ತಿಂಗಳಿಗೆ ಸರಿಯಾಗಿ ಕೈಗೆ ಬರುವಂತೆ ಬ್ಯಾಂಕಿನಲ್ಲಿ ದೀರ್ಘಾವಧಿ ಠೇವಣಿ ಇಟ್ಟರು. ಆ ಫಾರಂ ತುಂಬಿದ್ದು ನಾನೇ. ಅದರಲ್ಲಿ ಎರಡು ಚೌಕ ಇತ್ತು. ಇಬ್ಬರಲ್ಲಿ ಯಾರಾದರೂ ಒಬ್ಬರು ಸಹಿ ಮಾಡಿದರೆ ಸಾಕು ಅನ್ನುವುದು ಒಂದು. ಇಬ್ಬರೂ ಸಹಿ ಮಾಡತಕ್ಕದ್ದು ಅನ್ನುವುದು ಇನ್ನೊಂದು. ನಾನು ಮೊದಲನೆಯದಕ್ಕೆ ಗುರುತು ಹಾಕಲು ಹೋದೆ. ಭಾವ ನನ್ನ ಪೆನ್ನು ಹಿಡಿದರು.

"ಎರಡನೇದು ಹಾಕು."

"ಭಾವ, ಗಂಡ ಹೆಂಡತಿ ಯಾರೂ ಇದನ್ನ ಹಾಕಲ್ಲ. ಪಾಲುದಾರರು ಹಾಕ್ತಾರೆ, ಒಬ್ಬರನ್ನೊಬ್ಬರು ನಂಬದೋರು. ನಾಳೆ ಒಬ್ಬರು ಹುಷಾರು ತಪ್ಪಿ ಮಲಗಿದ್ರೆ?"

"ಏಳೋವರೆಗೂ ಇನ್ನೊಬ್ಬರು ಕಾಯ್ತಾರೆ."

"ಅಕ್ಕ ಏನು ನಿಮ್ಮ ದುಡ್ಡು ಕದ್ಕೊಂಡು ಓಡಿಹೋಗ್ತಾಳಾ?"

"ಅವಳಲ್ಲ ಕಣಮ್ಮ, ನಾನು. ಯಾರೋ ಬಂದು ನನ್ನ ತಲೆ ಕೆಡಿಸಿ, ಇಲ್ಲಿ ಹಾಕು ದುಪ್ಪಟ್ಟಾಗುತ್ತೆ ಅಂದ್ರೆ? ನನ್ನ ಬುದ್ಧಿ ಕೆಟ್ರೆ ಅವಳ ಬೀಗ ಇರುತ್ತೆ. ಅವಳ ಬುದ್ಧಿ ಕೆಟ್ರೆ ನನ್ನದು."

ಅಕ್ಕ ಪಕ್ಕದಲ್ಲಿ ಕೂತು ನಗುತ್ತಿದ್ದಳು. "ಬಿಡೇ, ಅವರಿಗೆ ಪ್ರಪಂಚ ಎಲ್ಲಾ ಲಿಫ್ಟೇ" ಅಂದು, ಪೆನ್ನು ಕಿತ್ತುಕೊಂಡು, ಬಾಲ ಎಳೆದು ಕೆಳಗೆ ಎರಡು ಚುಕ್ಕಿ ಇಡುವ ತನ್ನ ಸಹಿಯನ್ನು ಸರ್ರನೆ ಹಾಕಿದಳು. ನಾನು ಸಿಟ್ಟಿನಿಂದ ಎರಡನೇ ಚೌಕಕ್ಕೆ ಗುರುತು ಹಾಕಿದೆ. ಯಾಕೆ ಹಾಕಿದೆನೋ. ಫಾರಂ ಹರಿದು ಬಿಸಾಕಿ ಮನೆಗೆ ಹೋಗಬಹುದಿತ್ತು.

ಆವತ್ತು ಬೆಂಚಿನ ಮೇಲೆ ಕೂತಿದ್ದ ಭಾವ, ಗಿರಾಕಿಗಳೆಲ್ಲಾ ಹೋದ ಮೇಲೆ ಬಾಗಿಲು ಮುಂದೆ ಮಾಡಿದರು. ನಿವೃತ್ತಿಗೆ ಇನ್ನು ಎರಡೇ ತಿಂಗಳು ಇತ್ತು. ಯಾವುದೋ ತೆರಿಗೆ ನೋಟಿಸ್ ಬಂದಿರಬೇಕು ಅಂದುಕೊಂಡೆ.

"ನಿಮ್ಮಕ್ಕ ಮೊನ್ನೆ ತರಕಾರಿ ಅಂಗಡೀಲಿ ನೋಟು ಕೈಲಿ ಹಿಡ್ಕೊಂಡು, ಇದು ಎಷ್ಟು ಅಂತ ಅಂಗಡಿಯವನನ್ನ ಕೇಳಿದಳು" ಅಂದರು.

ನಮ್ಮಕ್ಕ ಔಷಧಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕ್ಯಾಷಿಯರ್ ಆಗಿದ್ದವಳು. ಕಟ್ಟು ಕೈಯಲ್ಲಿ ಹಿಡಿದೇ ಒಂದು ನೋಟು ಕಡಿಮೆ ಇದೆ ಅನ್ನುತ್ತಿದ್ದಳು, ಎಣಿಸಿದರೆ ಕಡಿಮೆ ಇರುತ್ತಿತ್ತು.

"ಎಷ್ಟು ದಿನದಿಂದ?" ಅಂದೆ.

"ಎರಡೂವರೆ ವರ್ಷ."

ಎರಡೂವರೆ ವರ್ಷ! ತಿಂಗಳಿಗೆ ಎರಡು ಭಾನುವಾರ ನಾನು ಅವರ ಮನೆಯಲ್ಲಿ ಊಟ ಮಾಡುತ್ತಿದ್ದೆ. ಅಕ್ಕ ಮಾತು ಶುರು ಮಾಡಿದರೆ ಭಾವ ಮುಗಿಸುತ್ತಿದ್ದರು. ಅವಳು ಅಡುಗೆಮನೆಗೆ ಎದ್ದರೆ ಇವರೂ ಹಿಂದೆಯೇ. ಈ ವಯಸ್ಸಿನಲ್ಲಿ ಏನಪ್ಪಾ ಸರಸ ಅಂತ ನಾನು ರೇಗಿಸಿದ್ದೆ. ಅವರು ಅವಳಿಗೆ ಪದ ಎತ್ತಿಕೊಡುತ್ತಿದ್ದರು, ಉರಿಯುವ ಒಲೆ ಆರಿಸಲು ಹೋಗುತ್ತಿದ್ದರು. ಊರವರ ಲೆಕ್ಕದಲ್ಲಿ ತಪ್ಪು ಹುಡುಕುವ ನನ್ನ ಕಣ್ಣಿಗೆ ಒಡಹುಟ್ಟಿದವಳು ಕಾಣಲಿಲ್ಲ.

ಅದಕ್ಕಿಂತ ಕೆಟ್ಟದ್ದು ಆಮೇಲೆ ನೆನಪಾಯಿತು. ಎರಡು ವರ್ಷದ ಹಿಂದೆ, ತೆರಿಗೆ ತುಂಬುವ ಕೊನೆಯ ವಾರ, ಮೆಟ್ಟಿಲ ತನಕ ಜನ ನಿಂತಿದ್ದಾಗ ಭಾವ ಬಂದಿದ್ದರು. "ನಿಮ್ಮಕ್ಕ ಮುಂಚಿತವಾಗಿ ಏನಾದ್ರೂ ಬರೆದುಕೊಡೋಕೆ ಆಗುತ್ತಾ, ಮುಂದೆ ಕೈ ಗೀ ನಡುಗಿದ್ರೆ ಅಂತ" ಅಂದಿದ್ದರು. "ಭಾವ, ಈಗ ಉಸಿರಾಡೋಕೂ ಪುರುಸೊತ್ತಿಲ್ಲ, ಮುಂದಿನ ವಾರ ಬನ್ನಿ" ಅಂದಿದ್ದೆ. ಮುಂದಿನ ವಾರ ಅವರು ಬರಲಿಲ್ಲ. ನಾನೂ ಕೇಳಲಿಲ್ಲ. ಆಗ ಅಕ್ಕನಿಗೆ ಮರೆವು ಶುರುವಾಗಿದ್ದರೂ, ಏನಕ್ಕೆ ಸಹಿ ಹಾಕುತ್ತಿದ್ದೇನೆ ಅಂತ ತಿಳಿಯುವಷ್ಟು ಬುದ್ಧಿ ಇತ್ತು. ಇನ್ನು ಮೇಲೆ ಒಬ್ಬರ ಸಹಿ ಸಾಕು ಅಂತ ಬ್ಯಾಂಕಿಗೆ ಇಬ್ಬರೂ ಬರೆದುಕೊಡುವ ಒಂದು ಪತ್ರ, ಅರ್ಧ ಗಂಟೆಯ ಕೆಲಸ. ಎಲ್ಲವೂ ಬಗೆಹರಿದಿರುತ್ತಿತ್ತು.

ಭಾವ ಚೀಲದಿಂದ ಕಾಗದಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ನಿವೃತ್ತಿಯ ಆದೇಶ. ಆ ತಿಂಗಳು ಮುಗಿಯುವುದರೊಳಗೆ ಕಂಪನಿಯ ಕ್ವಾರ್ಟರ್ಸ್ ಖಾಲಿ ಮಾಡಬೇಕು ಅನ್ನುವ ಪತ್ರ. ಕೊನೆಯದು ಮನೆ ಕೊಳ್ಳುವ ಕರಾರು. ನೆಲಮಹಡಿಯ ಎರಡು ಕೋಣೆಯ ಮನೆ, ಕಾಲು ಭಾಗ ಮುಂಗಡ ಕೊಟ್ಟಾಗಿದೆ, ಬಾಕಿಯನ್ನು ಅದೇ ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ಮುಂಗಡ ಮುಳುಗಿದಂತೆ. ಅವರ ಕ್ವಾರ್ಟರ್ಸ್ ಐದನೇ ಮಹಡಿ. ಊರಿಗೆಲ್ಲಾ ಲಿಫ್ಟ್ ರಿಪೇರಿ ಮಾಡುವವರನ್ನು ಲಿಫ್ಟೇ ಇಲ್ಲದ ಕಟ್ಟಡದಲ್ಲಿ ಇಟ್ಟಿದ್ದರು. ಅಕ್ಕ ಮೆಟ್ಟಿಲಿನ ಮಧ್ಯೆ ನಿಂತು, ಹತ್ತುತ್ತಿದ್ದೆನೋ ಇಳಿಯುತ್ತಿದ್ದೆನೋ ಅಂತ ಮರೆತುಬಿಡುತ್ತಾಳಂತೆ.

"ಬ್ಯಾಂಕಿಗೆ ನಿಜ ಹೇಳಿಬಿಡೋಣ" ಅಂದೆ. "ಡಾಕ್ಟರ ಕಾಗದ ಇಟ್ಟು ಕೋರ್ಟಿಗೆ ಹೋದ್ರೆ, ಅವಳ ಪರವಾಗಿ ಸೈನ್ ಮಾಡೋ ಅಧಿಕಾರ ನಿಮಗೆ ಕೊಡ್ತಾರೆ."

"ಎಷ್ಟು ದಿನಕ್ಕೆ?"

"ಎಂಟು ತಿಂಗಳು. ವರ್ಷವೂ ಆಗಬಹುದು."

"ಮನೆ ಮಾರೋನು ಎಂಟು ದಿನ ಕಾಯಲ್ಲ. ಬ್ಯಾಂಕಿನೋರಿಗೆ ಒಂದು ಸಲ ಗೊತ್ತಾದ್ರೆ ಮುಗೀತು, ಅವಳ ಸೈನಿಗೆ ಬೆಲೆ ಇರಲ್ಲ. ಈಗಿನ್ನೂ ಇದೆ. ಒಂದೇ ಒಂದು ಸಲ ಅವಳು ಸರಿಯಾಗಿ ಸೈನ್ ಹಾಕಿದ್ರೆ ಸಾಕಮ್ಮ. ಒಂದೇ ಸಲ."

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಮೆಟ್ಟಿಲಿಳಿಸಿ ಕಳಿಸುತ್ತಿದ್ದೆ. ಹಣ ಅವರಿಬ್ಬರದು, ಮನೆಯೂ ಅವಳಿಗಾಗಿಯೇ, ಇದರಲ್ಲಿ ಮೋಸ ಹೋಗುವವರಾದರೂ ಯಾರು ಅಂತ ನನಗೆ ನಾನೇ ಹೇಳಿಕೊಂಡೆ. ಆದರೂ ತನಗೆ ಏನು ಬರೆಸುತ್ತಿದ್ದಾರೆ ಅಂತ ತಿಳಿಯದವಳ ಕೈಯಲ್ಲಿ ಸಹಿ ಹಾಕಿಸುವುದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೂಂ ಅಂದೆ.

ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಆರೂವರೆಗೆ ನಾನು ಐದು ಮಹಡಿ ಹತ್ತಿ ಏದುಸಿರು ಬಿಡುತ್ತಾ ಹೋಗುವ ಹೊತ್ತಿಗೆ ಭಾವ ಬನಿಯನ್ನು ಲುಂಗಿಯಲ್ಲೇ ಅಡುಗೆಮನೆಯ ಮೇಜು ಒರೆಸಿ, ನೋಟ್ ಪುಸ್ತಕ, ಪೆನ್ನು ಜೋಡಿಸಿರುತ್ತಿದ್ದರು. ಆಚೆ ಪುಟದಲ್ಲಿ ಹಳೆಯ ರಸೀದಿಯ ಮೇಲಿನ ಅವಳದೇ ಸಹಿ ಅಂಟಿಸಿದ್ದರು. ಅಕ್ಕ ತಲೆ ಬಾಚಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು ಬರೆಯುತ್ತಿದ್ದಳು. ಕೆಲವು ದಿನ ಹಳೆಯ ಸಹಿಯೇ ಬರುತ್ತಿತ್ತು, ಬಾಲ, ಎರಡು ಚುಕ್ಕಿ ಎಲ್ಲಾ. ಆಗ ಭಾವ ಅದಕ್ಕೆ ತಾರೀಖು ಹಾಕಿ ನನಗೆ ತೋರಿಸುತ್ತಿದ್ದರು. ಕೆಲವು ದಿನ ಮದುವೆಗೆ ಮುಂಚಿನ ಹೆಸರನ್ನು ದುಂಡಗೆ, ಶಾಲೆಯ ಕಾಪಿ ಪುಸ್ತಕದಲ್ಲಿ ಬರೆದಂತೆ ಬರೆದಿಡುತ್ತಿದ್ದಳು. ಒಂದು ದಿನ ಬರೀ ಚುಕ್ಕಿಗಳನ್ನು ಇಡುತ್ತಾ ಹೋದಳು, ಪುಟ ತುಂಬ.

"ಸರಿ ಇದೆಯಾ?" ಅಂತ ಪ್ರತಿ ಸಲ ತಲೆಯೆತ್ತಿ ಕೇಳುತ್ತಿದ್ದಳು. ತುಂಬ ವಿನಯದಿಂದ ಕೇಳುತ್ತಿದ್ದಳು. ಗಂಡನ ಹತ್ತಿರ ಅಕ್ಕ ಯಾವ ಕಾಲದಲ್ಲಿ ಅಷ್ಟು ವಿನಯದಿಂದ ಮಾತಾಡಿದ್ದಳು? ಅದು ನನಗೆ ಆಗಲೇ ಹೊಳೆಯಬೇಕಿತ್ತು.

ಒಂದು ಬೆಳಿಗ್ಗೆ ಭಾವ ನೀರು ಹಿಡಿಯಲು ಹೋದಾಗ ಅವಳು ನನ್ನ ತೋಳು ಹಿಡಿದು, "ಇವರು ಎಷ್ಟೊತ್ತಿಗೆ ಹೋಗ್ತಾರೆ?" ಅಂತ ಪಿಸುಗುಟ್ಟಿದಳು.

"ದಿನಾ ಹೋಗೋ ಹಾಗೆ ಏಳೂವರೆಗೆ ಕಣಕ್ಕ" ಅಂದೆ.

"ಸದ್ಯ" ಅಂದಳು.

ಡ್ಯೂಟಿಗೆ ತಡವಾಗುತ್ತೆ ಅಂತ ಕೇಳುತ್ತಿದ್ದಾಳೆ ಅಂದುಕೊಂಡೆ ನಾನು. ಅಕ್ಕ ಸಂಜೆ ಹೊತ್ತು ಎಷ್ಟೋ ವಾಸಿ, ತಾವು ಕೆಲಸ ಮುಗಿಸಿ ನೀಲಿ ಡ್ಯೂಟಿ ಅಂಗಿಯಲ್ಲಿ ಬಂದ ತಕ್ಷಣ ಮುಖ ಅರಳುತ್ತೆ, ನಗ್ತಾ ಮಾತಾಡ್ತಾಳೆ ಅಂತ ಭಾವ ಹೇಳುತ್ತಿದ್ದರು. ಸಂಜೆ ಬ್ಯಾಂಕ್ ತೆರೆದಿರುವುದಿಲ್ಲವಲ್ಲ ಅಂತ ಇಬ್ಬರೂ ಪೇಚಾಡಿದೆವು. ಯಾಕೆ ಸಂಜೆ ವಾಸಿ ಅಂತ ಇಬ್ಬರೂ ಯೋಚಿಸಲಿಲ್ಲ.

ಠೇವಣಿ ಕೈಗೆ ಬರುವ ತಿಂಗಳು ಬಂತು. ಮೊದಲ ಸಲ ಹೊರಟ ದಿನ ಅಕ್ಕ ಬ್ಯಾಂಕಿನ ಗೇಟಿನವರೆಗೂ ನಗುನಗುತ್ತಾ ಬಂದು, ಗಾಜಿನ ಬಾಗಿಲಲ್ಲಿ ಕಂಡ ತನ್ನ ಬಿಂಬಕ್ಕೆ "ನೀವು ಮೊದಲು ಹೋಗಿ" ಅಂತ ದಾರಿ ಬಿಟ್ಟು ನಿಂತಳು. ಭಾವ ನನ್ನ ಮುಖ ನೋಡಿದರು. ಮೂವರೂ ವಾಪಸು ಬಂದೆವು. ನನಗೆ ಬೇರೆಯದೇ ಭಯ ಹತ್ತಿಕೊಂಡಿತು. ನನಗೂ ಐವತ್ತೊಂದು. ಅವಳ ರಕ್ತವೇ ನನ್ನದು. ಮನೆಗೆ ಬಂದವಳೇ ನನ್ನ ಸಹಿಯನ್ನು ಹತ್ತು ಸಲ ಹಾಕಿ ನೋಡಿದೆ. ಹತ್ತೂ ಒಂದೇ ಥರ ಇದ್ದವು, ಆದರೂ ಸಮಾಧಾನವಾಗಲಿಲ್ಲ.

ಕೊನೆಗೆ ಇಪ್ಪತ್ತೆಂಟನೇ ತಾರೀಖು. ಇನ್ನುಳಿದದ್ದು ಎರಡೇ ದಿನ. ಆ ಬೆಳಿಗ್ಗೆ ಅಕ್ಕ ಮೂರು ಸಲ ಬರೆದಳು, ಮೂರೂ ಸರಿಯಾಗಿತ್ತು. ಬ್ಯಾಂಕಿನವರ ಮುಂದೆ ಗ್ರೀಸ್ ಮೆತ್ತಿದವರ ಹಾಗೆ ಕಾಣಬಾರದು, ಕೋಟು ಹಾಕಿಕೊಳ್ಳಿ ಅಂತ ಭಾವನಿಗೆ ಹೇಳಿದವಳು ನಾನೇ. ಅವರು ಯಾರಿಂದಲೋ ಕೋಟು ತಂದು, ಗರಿಗರಿ ಬಿಳಿ ಅಂಗಿ ತೊಟ್ಟು, ತಲೆಗೆ ಬಣ್ಣ ಬೇರೆ ಹಚ್ಚಿಕೊಂಡು ಬಂದಿದ್ದರು. ಬೇರೆ ದಿನವಾಗಿದ್ದರೆ ಮದುಮಗ ಬಂದ ಅಂತ ಗೇಲಿ ಮಾಡುತ್ತಿದ್ದೆ. ಆವತ್ತು ಅವರ ಹಣೆಯಿಂದ ಬೆವರಿನ ಜೊತೆ ಕಪ್ಪು ಬಣ್ಣವೂ ಸಣ್ಣಗೆ ಇಳಿಯುತ್ತಿತ್ತು. ನನ್ನ ಕರ್ಚೀಫಿನಿಂದ ಒರೆಸಿದೆ.

ಮ್ಯಾನೇಜರ್ ನಲವತ್ತರ ಹೆಂಗಸು, ಮೆಲುಮಾತಿನವಳು. ಕೋಣೆಯೊಳಗೆ ಕೂರಿಸಿದಳು. ಫಾರಂ ತಿರುಗಿಸಿ ಮೊದಲು ಭಾವನ ಸಹಿ ಪಡೆದಳು. ಆಮೇಲೆ ಅಕ್ಕನ ಕಡೆ ತಳ್ಳಿದಳು. ಅಕ್ಕ ಪೆನ್ನು ಕೈಗೆತ್ತಿಕೊಂಡಳು. ಪೆನ್ನಿನ ತುದಿ ಕಾಗದ ಮುಟ್ಟುವಷ್ಟರಲ್ಲಿ ಮ್ಯಾನೇಜರ್ ನಗುತ್ತಾ, "ದೊಡ್ಡ ಮೊತ್ತ ನೋಡಿ, ಕೇಳಲೇಬೇಕು ಅಂತ ನಿಯಮ ಇದೆ. ಅಮ್ಮಾ, ನೀವು ಇಷ್ಟಪಟ್ಟೇ ಈ ಹಣ ತೆಗೀತಿದೀರಿ ತಾನೆ?" ಅಂದಳು.

ಅಕ್ಕ ಪೆನ್ನು ಕೆಳಗಿಟ್ಟಳು. ಅವಳ ಮುಖದಲ್ಲಿ ಹಳೆಯ ಕ್ಯಾಷಿಯರ್ ಬಂದು ಕೂತಂತಾಯಿತು. ಹುಬ್ಬು ಗಂಟಿಕ್ಕಿ, ಬೆನ್ನು ನೆಟ್ಟಗೆ ಮಾಡಿ, ಎಷ್ಟೋ ತಿಂಗಳಿಂದ ನಾನು ಕೇಳದ ಸ್ಪಷ್ಟ ದನಿಯಲ್ಲಿ ಮಾತಾಡಿದಳು.

"ಇಲ್ಲಮ್ಮ. ಇದು ಇಬ್ಬರೂ ಸೈನ್ ಹಾಕಬೇಕಾದ ಖಾತೆ. ನಮ್ಮನೆಯವರು ಬರದೆ ನಾನೊಬ್ಬಳೇ ಹಾಕೋ ಹಾಗಿಲ್ಲ."

ಭಾವ ಅವಳ ಪಕ್ಕದಲ್ಲೇ ಕೂತಿದ್ದರು. ಮೊಣಕೈಗೆ ಮೊಣಕೈ ತಗುಲುವಷ್ಟು ಹತ್ತಿರ.

"ಯಜಮಾನ್ರು ಇಲ್ಲೇ ಇದಾರಲ್ಲಮ್ಮ" ಅಂದಳು ಮ್ಯಾನೇಜರ್.

ಅಕ್ಕ ಭಾವನ ಕಡೆ ತಿರುಗಲಿಲ್ಲ. ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿ ಹೇಳಿದಳು. "ಇವರು ಯಾರೋ ನನಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಬಂದು ನನ್ನ ಕೂರಿಸಿ ಹೆಸರು ಬರೆಸ್ತಾರೆ. ಬರೀದಿದ್ರೆ ಬಿಡಲ್ಲ. ಮನೇಲಿ ಯಾರೂ ಇರಲ್ಲ, ಅದಕ್ಕೆ ಹೆದರಿ ಬರೀತೀನಿ. ಈ ದುಡ್ಡಿಗೋಸ್ಕರ ಅಂತ ಈಗ ಗೊತ್ತಾಯ್ತು. ನಮ್ಮನೆಯವರು ಡ್ಯೂಟೀಲಿದಾರೆ. ಐದೂವರೆಗೆ ಬರ್ತಾರೆ. ಅವರು ಬರೋವರೆಗೂ ಯಾರಿಗೂ ಕೊಡಬೇಡಿ, ನಿಮ್ಮ ದಮ್ಮಯ್ಯ. ಅದೆಲ್ಲಾ ಅವರು ಗುಂಡಿಗಿಳಿದು ದುಡಿದಿದ್ದು."

ನಾನು ನೆಲ ನೋಡುತ್ತಾ ಕೂತೆ. ನನ್ನನ್ನೂ ಯಾರೆಂದು ಕೇಳಿಬಿಡುತ್ತಾಳೇನೋ ಅಂತ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಭಾವನ ಕಡೆ ನೋಡುವ ಧೈರ್ಯ ಬರಲಿಲ್ಲ. ಅವರ ಕುರ್ಚಿ ಹಿಂದಕ್ಕೆ ಸರಿದ ಸದ್ದು, ಬಾಗಿಲು ತೆರೆದ ಸದ್ದು ಕೇಳಿಸಿತು.

ಮ್ಯಾನೇಜರ್ ಕೆಟ್ಟವಳಲ್ಲ. ಅಕ್ಕನಿಗೆ ನೀರು ಕೊಟ್ಟಳು. ನನ್ನನ್ನು ಮೂಲೆಗೆ ಕರೆದು, "ನನಗೆ ಅರ್ಥ ಆಗುತ್ತೆ ಮೇಡಂ. ಆದ್ರೆ ಇದನ್ನ ಕೇಳಿದ ಮೇಲೆ ಕೇಳಿಲ್ಲ ಅನ್ನೋಕಾಗಲ್ಲ. ಕೋರ್ಟಿನ ಕಾಗದ ತನ್ನಿ" ಅಂದಳು. ಖಾತೆಯ ಮೇಲೆ ಅವಳು ತಡೆ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದೆ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅಕ್ಕ ನಿಟ್ಟುಸಿರು ಬಿಟ್ಟು, "ಒಳ್ಳೆ ಕೆಲಸ ಮಾಡಿದ್ರಿ" ಅಂತ ಅವಳಿಗೆ ಕೈ ಮುಗಿದಳು.

ಭಾವ ಹೊರಗೆ ಫುಟ್‌ಪಾತಿನ ಅಂಚಿನಲ್ಲಿ ಕೂತಿದ್ದರು, ಕೋಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು. ನಾನು ಅಕ್ಕನನ್ನು ಆಟೋದಲ್ಲಿ ಕೂರಿಸಿ ಅವರ ಹತ್ತಿರ ಹೋದೆ.

"ನಾನು ಅವಳನ್ನ ಹೆದರಿಸ್ತಿದ್ದೆನಾ?" ಅಂತ ಕೇಳಿದರು. "ಎರಡು ತಿಂಗಳು ದಿನಾ ಬೆಳಿಗ್ಗೆ?"

ಇಲ್ಲ ಅಂತ ಹೇಳಬಹುದಿತ್ತು.

"ನೀವು ಕೋಟು ಹಾಕ್ಕೊಂಡು ಬರಬಾರದಿತ್ತು ಭಾವ" ಅಂದೆ. "ಡ್ಯೂಟಿ ಅಂಗೀಲಿ ಬರಬೇಕಿತ್ತು. ಹೇಳಿದ್ದು ನಾನೇ."

ಅವರು ಆಟೋ ಹತ್ತಲಿಲ್ಲ. ಬೇರೆ ಬಸ್ಸಿನಲ್ಲಿ ಬರುತ್ತೇನೆ, ಅವಳು ಹೆದರಿಕೊಳ್ಳೋದು ಬೇಡ ಅಂದರು.

ಮನೆ ಕೈತಪ್ಪಿತು. ಮುಂಗಡವೂ ಹೋಯಿತು, ನಾನು ಮನೆ ಮಾರುವವನ ಕಾಲು ಹಿಡಿಯುವುದೊಂದು ಬಾಕಿ. ಕ್ವಾರ್ಟರ್ಸ್ ಖಾಲಿ ಮಾಡಿ ಅವರಿಬ್ಬರೂ ನನ್ನ ಮನೆಗೆ ಬಂದರು. ಕೋರ್ಟಿಗೆ ಅರ್ಜಿ ಹಾಕಿ ಆರು ತಿಂಗಳಾಯಿತು, ಎರಡು ಸಲ ಮುಂದೂಡಿದ್ದಾರೆ. ಭಾವನ ಪಿಂಚಣಿ ಅಕ್ಕನ ಔಷಧಿಗೂ ಅಕ್ಕಿಗೂ ಸರಿಹೋಗುತ್ತದೆ. ಠೇವಣಿಯ ಹಣ ಬ್ಯಾಂಕಿನಲ್ಲಿ ಕ್ಷೇಮವಾಗಿದೆ, ಅದಕ್ಕೆ ತೆರಿಗೆಯನ್ನೂ ನಾನೇ ಲೆಕ್ಕ ಹಾಕಿ ಕಟ್ಟಿಸಿದ್ದೇನೆ. ನಾನು ಆಫೀಸು ಬಿಟ್ಟು ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡಿದ್ದೇನೆ. ಈಗ ಗಿರಾಕಿಗಳಿಗೆ ಬೈಯುವುದಿಲ್ಲ. ಗಂಡ ಹೆಂಡತಿ ಜೊತೆಯಾಗಿ ಬಂದರೆ ಖಾತೆಯ ಫಾರಂ ತರಿಸಿ, ಯಾವ ಚೌಕಕ್ಕೆ ಗುರುತಿದೆ ಅಂತ ಮೊದಲು ನೋಡುತ್ತೇನೆ.

ನನ್ನ ಮನೆಗೆ ಬಂದ ಮೊದಲ ವಾರ ಭಾವ ಹಗಲೆಲ್ಲಾ ಮೂಲೆಯ ಕುರ್ಚಿಯಲ್ಲಿ ಸದ್ದಿಲ್ಲದೆ ಕೂತಿರುತ್ತಿದ್ದರು. ಅಕ್ಕ ಅವರನ್ನೇ ಓರೆಗಣ್ಣಲ್ಲಿ ನೋಡುತ್ತಾ ನನ್ನ ಬೆನ್ನಿಗೆ ಅಂಟಿಕೊಂಡಿರುತ್ತಿದ್ದಳು. ಸಂಜೆ ಐದಕ್ಕೆ ಅವರು ಹಿತ್ತಿಲ ಬಾಗಿಲಿನಿಂದ ಹೊರಹೋಗಿ, ನೀಲಿ ಡ್ಯೂಟಿ ಅಂಗಿ ತೊಟ್ಟು, ಐದೂವರೆಗೆ ಮುಂಬಾಗಿಲು ತಟ್ಟುತ್ತಿದ್ದರು. ಆಗ ಅಕ್ಕನೇ ಓಡಿಹೋಗಿ ಬಾಗಿಲು ತೆಗೆಯುತ್ತಿದ್ದಳು. "ಬಂದ್ರಾ? ಯಾಕ್ರೀ ಇಷ್ಟು ಸೋತುಹೋಗಿದೀರಿ?"

ಆ ಶನಿವಾರ ಅವಳು ಅವರನ್ನು ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದ್ದು ನನಗೆ ಕಾಣಿಸಿತು. ಮಾತೂ ಕೇಳಿಸಿತು. "ರೀ, ನೀವಿಲ್ಲದಾಗ ಇಲ್ಲೂ ಬಂದು ಕೂರ್ತಾನೆ ಅವನು. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ. ಏನೂ ಮಾತಾಡಲ್ಲ, ಸುಮ್ಮನೆ ನನ್ನೇ ನೋಡ್ತಿರ್ತಾನೆ. ನನಗೆ ತುಂಬ ಭಯ ಆಗುತ್ತೆ."

"ಇನ್ಮೇಲೆ ಬರಲ್ಲ ಬಿಡು" ಅಂದರು ಭಾವ. "ನಾನು ಅವನಿಗೆ ಹೇಳ್ತೀನಿ."

ಮರುದಿನದಿಂದ ಅವಳು ಏಳುವ ಮುಂಚೆಯೇ ಮನೆ ಬಿಡುತ್ತಾರೆ. ಎಲ್ಲಿಗೆ ಅಂತ ಕೇಳಿದರೆ ಡ್ಯೂಟಿಗೆ ಅನ್ನುತ್ತಾರೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದದ್ದನ್ನು ಒಂದೆರಡು ಸಲ ನೋಡಿದ್ದೇನೆ, ನೋಡಿದೆ ಅಂತ ಹೇಳಿಲ್ಲ. ಅಕ್ಕನಿಗೆ ಈಗ ಹಗಲು ಹೊತ್ತು ಭಯವಿಲ್ಲ. ಚೆನ್ನಾಗಿ ಊಟ ಮಾಡುತ್ತಾಳೆ, ಮಧ್ಯಾಹ್ನ ನಿದ್ದೆಯನ್ನೂ ಮಾಡುತ್ತಾಳೆ. ಭಯ ಎಲ್ಲಾ ನನಗೇ. ಐದು ಗಂಟೆಯಾದರೆ ಸಾಕು, ಕೈಯಲ್ಲಿನ ಫಾರಂ ಓದಲಾಗುವುದಿಲ್ಲ. ಮುಂಬಾಗಿಲು ತಟ್ಟಿದ ಸದ್ದಾಗುತ್ತದೆ, ಅಕ್ಕ ಎದ್ದು ಹೋಗುತ್ತಾಳೆ, ನಾನು ಉಸಿರು ಬಿಗಿಹಿಡಿದು ಕೂತಿರುತ್ತೇನೆ. ಯಾವತ್ತಾದರೂ ಒಂದು ಸಂಜೆ ಅವಳು ಬಾಗಿಲನ್ನು ಅರ್ಧ ತೆರೆದು, ನೀಲಿ ಅಂಗಿಯ ಮನುಷ್ಯನನ್ನು ತುಂಬ ವಿನಯದಿಂದ, "ಯಾರು ಬೇಕಿತ್ತು?" ಅಂತ ಕೇಳಿಬಿಟ್ಟರೆ ಅವರು ಆಮೇಲೆ ಎಲ್ಲಿಗೆ ಹೋಗಬೇಕು?